ಬೂಷ್ಟಿನ ಕಚೇರಿ, ಅತ್ತೆಯ ಜಾಗ

ಸುಜಾತಾ, ನೀನು ಅಣಬೆ, ಬೂಷ್ಟುಗಳ ಶಾಸ್ತ್ರ ಓದಿ ಈಗ ಅದರಲ್ಲೇ ಕೆಲಸ ಹಿಡಿದಿದ್ದೀಯಂತೆ. ನಿನ್ನ ಅಮ್ಮ ಈ ಸುದ್ದಿ ಹೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಅವಳಿಗೆ ಬೇರೆ ಎಂತದೂ ಸಿಗಲಿಲ್ಲವಾ?" ಹಾರೈಸಬೇಕಾದ ಅಜ್ಜಿ ಹೀಗೆಂದಳಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಒಂದು ಆಯುಷ್ಯವೆಲ್ಲ ಆ ಕೆಲಸದಲ್ಲಿ ತಲೆ ಕೆಡಿಸಿಕೊಂಡವಳಿಗೆ ಅದಕ್ಕಿಂತ ಒಳ್ಳೆಯ ಮಾತು ಥಟ್ಟನೆ ಹೊಳೆಯುವುದಿಲ್ಲ. ಎದುರು ಕೂತು ಹೇಳು ಎಂದರೆ ನನಗೆ ನಾಲಿಗೆ ಒಣಗುತ್ತದೆ, ನಿನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ನೀನು ಓದಿದರೆ ಸಾಕು, ತಮ್ಮಂದಿರಿಗೆ ತೋರಿಸಬೇಡ.

ಮೊದಲೇ ಎಚ್ಚರಿಸಿಬಿಡುತ್ತೇನೆ. ನೀನು ಎಂಥ ಅಪರೂಪದ್ದನ್ನು ಹುಡುಕಿ ತಂದರೂ ಲೋಕ ನಿನ್ನನ್ನು ಕೇಳುವುದು ಒಂದೇ ಪ್ರಶ್ನೆ: ತಿನ್ನಲು ಬರುತ್ತದಾ? ಅಂಚೆಯವನು ಅದನ್ನೇ ಕೇಳುತ್ತಾನೆ, ಮಾಮಲೇದಾರರ ಹೆಂಡತಿಯೂ ಅದನ್ನೇ ಕೇಳುತ್ತಾಳೆ. ಸತ್ತ ಮತ್ತಿಮರದ ಮೇಲೆ ಹಲಗೆಯ ಹಾಗೆ ಬೆಳೆದ, ಕೊಡಲಿಯಿಂದ ಕಡಿದು ತಂದ ಒಂದನ್ನು ನೋಡಿ ಶಿರಸಿ ಪೇಟೆಯ ಒಬ್ಬ ಯಜಮಾನರು, "ಹೆಚ್ಚು ಹೊತ್ತು ಬೇಯಿಸಿದರೆ ಮೆತ್ತಗಾಗುತ್ತದೋ?" ಎಂದು ಕೇಳಿದ್ದರು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಬರಲಿಲ್ಲ.

ನಾನು ಹೇಳುವುದು ಬ್ರಿಟಿಷರ ಕಾಲದ ಮಾತು, ನಮ್ಮ ಜಿಲ್ಲೆ ಮುಂಬಯಿಗೆ ಸೇರಿದ್ದ ಮೂವತ್ತರ ದಶಕ. ಅಡಿಕೆಗೆ ಬರುವ ಕೊಳೆರೋಗ ಏನು, ಎಲ್ಲಿಂದ ಬರುತ್ತದೆ ಎಂದು ನೋಡಲು ಸರ್ಕಾರ ಶಿರಸಿಯಲ್ಲಿ ಬಾಡಿಗೆ ಮನೆ ಹಿಡಿದು ಒಂದು ಸಣ್ಣ ಕಚೇರಿ ತೆರೆದಿತ್ತು. ಅದರ ಸರ್ಕಾರಿ ಹೆಸರು ಉದ್ದವಾಗಿತ್ತು. ಊರವರು ಕರೆದದ್ದು ಬೂಷ್ಟಿನ ಕಚೇರಿ. ಅಲ್ಲಿದ್ದವರು ಒಬ್ಬ ಸಾಹೇಬರು, ಒಬ್ಬ ಪಟ್ಟೇವಾಲ, ಒಂದು ಸೂಕ್ಷ್ಮದರ್ಶಕ. ಪಟ್ಟೇವಾಲ ಎಂದರೆ ಎದೆಗೆ ಪಟ್ಟಿ ಕಟ್ಟಿದ ಜವಾನ, ನಿಮ್ಮ ಅಜ್ಜ. ಸಾಹೇಬರು ಮರಾಠಿ ಮನೆಮಾತಿನವರು, ಧಾರವಾಡದಲ್ಲಿ ಓದಿದವರು, ಹೀಗಾಗಿ ಕನ್ನಡವನ್ನು ಧಾರವಾಡದ ಹಾಗೆ ಆಡುತ್ತಿದ್ದರು. ಅವರನ್ನು ಕಳಿಸಿದ್ದು ಅಡಿಕೆಯ ರೋಗಕ್ಕಾಗಿ. ಅವರ ಜೀವ ಇದ್ದದ್ದು ಮಾತ್ರ ಕಾಡಿನ ಅಣಬೆಗಳಲ್ಲಿ. ತೋಟಕ್ಕೆಂದು ಹೊರಟವರು ದಾರಿಯಲ್ಲಿ ಒಂದು ಕೊಳೆತ ಕೊರಡು ಕಂಡರೆ ಸಾಕು, ಅಲ್ಲೇ ಮಂಡಿಯೂರಿ ಕೂರುತ್ತಿದ್ದರು. ಆ ದಿನ ತೋಟ ಮುಟ್ಟುತ್ತಿರಲಿಲ್ಲ.

ನಾನು ಆ ಕಚೇರಿ ಸೇರಿದ್ದು ಗೋಡೆಯ ದೆಸೆಯಿಂದ. ನಮ್ಮ ದೀವರ ಮನೆಗಳಲ್ಲಿ ಮದುವೆಗೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರಲ್ಲ, ಅದರಲ್ಲಿ ನನ್ನ ಕೈ ಸಪೂರ ಎಂದು ಹೆಸರಿತ್ತು. ಅಣಬೆ ಒಣಗಿದರೆ ಬಣ್ಣ ಹೋಗುತ್ತದೆ, ಆಕಾರವೂ ಹೋಗುತ್ತದೆ. ಹಸಿ ಇರುವಾಗಲೇ ಚಿತ್ರ ಬರೆದಿಡಬೇಕು. ಸಾಹೇಬರು ಬರೆದರೆ ಎಲ್ಲ ಅಣಬೆಯೂ ಗಾಳಿಗೆ ಮಗುಚಿದ ಕೊಡೆಯಂತೆ ಕಾಣುತ್ತಿತ್ತು. ನಿಮ್ಮ ಅಜ್ಜ ಬಾಯಿ ತಪ್ಪಿ, "ನಮ್ಮನೇಲಿ ಬರೀತಾಳೆ" ಎಂದರು. ನಾನು ನಾಲ್ಕನೇ ಇಯತ್ತೆಯವರೆಗೆ ಊರ ಶಾಲೆಯಲ್ಲಿ ಓದಿದವಳು, ಹೊರಗಿನ ಗಂಡಸರ ಮುಖ ನೋಡಿ ಮಾತಾಡಿದವಳಲ್ಲ. ಪುಂಡಿನಾರಿನ ಕುಂಚ ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಬಾಗಿಲ ಸಂದಿಯಲ್ಲಿ ನಿಂತೆ.

ಮೊದಲ ಚಿತ್ರದ ಪಾಡು ಕೇಳು. ಒಂದು ಕೆಂಪು ಕೊಡೆಯ ಅಣಬೆ ಕೊಟ್ಟಿದ್ದರು. ಸಿಂಬಳದ ಹುಳ ಒಂದು ಬದಿ ತಿಂದಿತ್ತು, ಕಾಲು ಸೊಟ್ಟಗಿತ್ತು. ಚಿತ್ತಾರದಲ್ಲಿ ಎಡಕ್ಕೆ ಇದ್ದದ್ದು ಬಲಕ್ಕೂ ಇರಬೇಕು, ಗೆರೆ ಎಲ್ಲೂ ತೆರೆದಿರಬಾರದು, ಸುತ್ತ ಅಂಚು ಕಟ್ಟದೆ ಏಳಬಾರದು. ಹುಳ ತಿಂದ ಭಾಗ ತುಂಬಿಸಿದೆ, ಕಾಲು ನೆಟ್ಟಗೆ ಮಾಡಿದೆ, ಸುತ್ತಲೂ ಚೆಂದದ ಅಂಚು ಕಟ್ಟಿದೆ. ಸಾಹೇಬರು ಹಾಳೆಯನ್ನು ಅತ್ತ ಇತ್ತ ತಿರುಗಿಸಿ ನೋಡಿದರು.

"ಏನಪಾ," ಎಂದು ನಿಮ್ಮ ಅಜ್ಜನನ್ನು ಕೇಳಿದರು, "ಈ ಅಣಬೀದು ಲಗ್ನ ಯಾವಾಗ?"

ನಿಮ್ಮ ಅಜ್ಜ ನೆಲ ನೋಡಿದರು.

"ಬಾಯಾರಿಗೆ ಹೇಳು. ಹುಳಾ ತಿಂದದ್ದನ್ನ ಹುಳಾ ತಿಂದಂಗ ಬರೀಬೇಕು. ಸೊಟ್ಟ ಇದ್ದದ್ದು ಸೊಟ್ಟ. ನಾವು ರಿಪೇರಿ ಮಾಡೂ ಮಂದಿ ಅಲ್ಲ."

ಬಾಯಾರು ಎಂದರೆ ನಾನು, ಎರಡು ಮೊಳ ದೂರದಲ್ಲೇ ನಿಂತಿದ್ದೆ. ಆದರೂ ಅವರು ಹೇಳುವುದನ್ನು ನಿಮ್ಮ ಅಜ್ಜ ನನಗೆ ಹೇಳಬೇಕು, ನಾನು ಹೇಳುವುದನ್ನು ಅವರಿಗೆ ಹೇಳಬೇಕು. ಹಾಗೆಯೇ ವರ್ಷಗಳು ನಡೆದವು. ಸಾಹೇಬರು, "ಕಾಲಿನ ಬಣ್ಣ ಏನು, ಕೇಳು" ಎನ್ನುವರು. ನಾನು, "ಹಳೇ ಹಿತ್ತಾಳೆ ಚೊಂಬಿನ ಒಳಮೈ ಬಣ್ಣ" ಎಂದು ಪಿಸುಗುಟ್ಟುವೆ. ನಿಮ್ಮ ಅಜ್ಜ ಗಟ್ಟಿಯಾಗಿ, "ಹಳದಿಯಂತೆ ಸಾಯಬ್ರೆ" ಎನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಾಯಿ ಮಾತ್ರ ಏಳುತ್ತಿರಲಿಲ್ಲ.

ಇನ್ನು ಒಣಗಿಸುವ ಕರ್ಮ. ನಿಮಗೆ ಈಗ ಬೆಚ್ಚಗಿನ ಪೆಟ್ಟಿಗೆಗಳಿವೆ, ಗುಂಡಿ ಒತ್ತಿದರೆ ಆಯಿತು. ಅಣಬೆ ಏಳುವುದು ಮಳೆಗಾಲದಲ್ಲಿ, ಮಳೆಗಾಲದಲ್ಲಿ ನಮ್ಮ ಸೀಮೆಯಲ್ಲಿ ಉಟ್ಟ ಸೀರೆಯೇ ಒಣಗುವುದಿಲ್ಲ. ಒಲೆಯ ಮೇಲೆ ಬಿದಿರ ತಟ್ಟಿ ಕಟ್ಟಿ ಅದರಲ್ಲಿ ಅಣಬೆ ಹರಡಿ ನಾನು ಹಸಿ ಕಟ್ಟಿಗೆ ಊದುತ್ತ ಕೂರಬೇಕು. ಬೆಂಕಿ ಹೆಚ್ಚಾದರೆ ಅಣಬೆ ಬೇಯುತ್ತದೆ, ಸಾಹೇಬರಿಗೆ ಸಿಟ್ಟು. ಕಡಿಮೆಯಾದರೆ ಹುಳ ಬೀಳುತ್ತದೆ, ಆಗಲೂ ಸಾಹೇಬರಿಗೆ ಸಿಟ್ಟು. ಒಂದು ವರ್ಷ ಕಷ್ಟಪಟ್ಟು ಒಣಗಿಸಿ ಪೆಟ್ಟಿಗೆಯಲ್ಲಿಟ್ಟ ಅಣಬೆಗಳ ಮೇಲೆ ಹಸಿರು ಬೂಷ್ಟು ಬಂತು. ನಾನು ಅಳುವುದೊಂದು ಬಾಕಿ. ಸಾಹೇಬರು ಭೂತಕನ್ನಡಿ ಹಿಡಿದು ನೋಡಿ ಮುಖ ಅರಳಿಸಿಕೊಂಡು, "ಇದನ್ನೂ ಬರೀಲಿಕ್ಕೆ ಹೇಳು" ಎಂದರು. ಅಣಬೆಯ ಮೇಲಿನ ಬೂಷ್ಟನ್ನೂ ಬರೆದೆ. ಇಂಥವರ ಕೈಕೆಳಗೆ ಕೆಲಸ ಮಾಡುವುದು ಎಂದರೆ ಹೀಗೆ, ಯಾವುದಕ್ಕೆ ಬೈಗುಳ, ಯಾವುದಕ್ಕೆ ಸಂತೋಷ ಎಂದು ಕೊನೆಗೂ ತಿಳಿಯುವುದಿಲ್ಲ.

ಅರಬೈಲು ಘಟ್ಟದ ಪ್ರಸಂಗವನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನಿಮ್ಮ ಅಪ್ಪ ತನಗೆ ಬೇಕಾದ ಹಾಗೆ ಹೇಳುತ್ತಾನೆ. ಘಟ್ಟದ ಬಿದಿರ ಮೆಳೆಗಳಲ್ಲಿ ಒಂದು ಬಿಳಿ ಅಣಬೆ ಏಳುತ್ತದೆ, ಕುತ್ತಿಗೆಯಿಂದ ಕೆಳಗೆ ಜಾಲರಿಯ ಲಂಗ ಉಟ್ಟ ಹಾಗೆ. ನೋಡಲು ಅಷ್ಟು ಚೆಂದ, ನಾತ ಮಾತ್ರ ಸತ್ತ ಹೆಗ್ಗಣದ್ದು. ಸಾಹೇಬರು ಅದನ್ನು ತಗಡಿನ ಡಬ್ಬಿಯಲ್ಲಿ ಹಾಕಿಕೊಂಡರು, ನಾವು ಯಲ್ಲಾಪುರಕ್ಕೆ ಹೋಗುವ ಸರ್ವಿಸ್ ಮೋಟಾರು ಹತ್ತಿದೆವು. ಮೋಟಾರು ಯಲ್ಲಾಪುರದ ಬಾಬುಸಾಬರದು. ನಡೆಸುವವರೂ ಅವರೇ. ಘಟ್ಟದ ಎರಡು ತಿರುವು ಏರುವುದರೊಳಗೆ ಜನ ಸೆರಗು, ಪಂಚೆ ಎಲ್ಲ ಮೂಗಿಗೆ ಹಿಡಿದರು. ಬಾಬುಸಾಬರು ಮೋಟಾರು ನಿಲ್ಲಿಸಿ ತಿರುಗಿ ನೋಡಿದರು.

"ಯಾ ಅಲ್ಲಾ! ಗಾಡೀಲಿ ಎಂತ ಸತ್ತದೆ? ಯಾರದು ಡಬ್ಬಿ?"

ಸಾಹೇಬರು ನಾಚಿಕೊಳ್ಳಬೇಕಾದ ಜಾಗದಲ್ಲಿ ಹೆಮ್ಮೆಯಿಂದ ಡಬ್ಬಿಯ ಮುಚ್ಚಳ ತೆರೆದು ತೋರಿಸಿದರು. ಪಕ್ಕದಲ್ಲಿದ್ದ ಉಮ್ಮಚಗಿಯ ಹೆಗಡೆಯವರು ಎದ್ದು ನಿಂತರು. "ಬಾಬುಸಾಬಾ, ಆನು ಇಲ್ಲೇ ಇಳಿತೆ. ನಡ್ಕಂಡೇ ಹೋಗ್ತೆ," ಎಂದು ಸುರಿಯುವ ಮಳೆಯಲ್ಲಿ ಕೊಡೆ ಬಿಚ್ಚಿದರು. ಅವರ ಹಿಂದೆ ಉಳಿದವರೂ ಇಳಿದರು. ಕೊನೆಗೆ ಡಬ್ಬಿಯನ್ನು ಮೋಟಾರಿನ ತಲೆಯ ಮೇಲೆ ಕಟ್ಟಿ, ಜನರನ್ನು ಸಮಾಧಾನ ಮಾಡಿ ಹತ್ತಿಸಿ, ಮತ್ತೆ ಹೊರಟದ್ದಾಯಿತು. ಬಾಬುಸಾಬರು ಘಟ್ಟ ಹತ್ತಿಸಿದರು. ಯಲ್ಲಾಪುರದಲ್ಲಿ ಡಬ್ಬಿ ಇಳಿಸಿಕೊಡುವಾಗ ಸಾಹೇಬರ ಹತ್ತಿರ ಬಾಗಿ, "ಒಂದು ಮಾತು ಕೇಳ್ತೆ ಸಾಬ್, ಸಿಟ್ಟಾಗಬ್ಯಾಡಿ. ಇದು ತಿನ್ಲಿಕ್ಕೆ ಬರ್ತದಾ?" ಎಂದರು.

ಇವೆಲ್ಲ ತಡೆದುಕೊಳ್ಳುವ ಕಷ್ಟಗಳು. ತಡೆಯಲಾಗದ್ದು ಚೀಟಿಯ ಕಷ್ಟ.

ಪ್ರತಿ ಅಣಬೆಯ ಜೊತೆ ಒಂದು ಚೀಟಿ ಇರಬೇಕು: ಯಾವ ಊರು, ಯಾವ ಜಾಗ, ಯಾವ ಮರದ ಬುಡ. ಜಾಗ ಗೊತ್ತಿಲ್ಲದ ಅಣಬೆ ಸಾಹೇಬರ ಲೆಕ್ಕದಲ್ಲಿ ಕಸ. ಒಲೆಗೆ ಎಸೆಯುತ್ತಿದ್ದರು, ನಾನು ದಿನವೆಲ್ಲ ಕೂತು ಬರೆದ ಚಿತ್ರವಿದ್ದರೂ ಸರಿ. ಹಳ್ಳಿಯ ಹೆಂಗಸರು ಮಳೆಗಾಲದಲ್ಲಿ ಬುಟ್ಟಿಗಟ್ಟಲೆ ಅಣಬೆ ಮಾರಲು ಕಚೇರಿಗೆ ತರುತ್ತಿದ್ದರು. ಎಲ್ಲಿ ಸಿಕ್ಕಿತು ಎಂದರೆ ಒಬ್ಬಳು ವಾನಳ್ಳಿ ಎನ್ನುವಳು. ಸಾಹೇಬರೂ ನಿಮ್ಮ ಅಜ್ಜನೂ ಮಾರನೆಯ ದಿನ ಕಾಡುಜಿಗಣೆ ಉಂಬಳ ಕಚ್ಚಿಸಿಕೊಳ್ಳುತ್ತ ವಾನಳ್ಳಿಯ ಬೆಟ್ಟವೆಲ್ಲ ಸುತ್ತಿ ಬರಿಗೈಯಲ್ಲಿ ಬರುವರು. ಅವಳು ತಂದದ್ದು ಬೇರೆಲ್ಲಿಂದಲೋ.

ಅವಳದೇನೂ ತಪ್ಪಿಲ್ಲ. ಅವರು ತರುತ್ತಿದ್ದದ್ದು ತಿನ್ನುವ ಹುತ್ತದ ಅಣಬೆ, ಅದು ಏಳುವ ಜಾಗ ಮನೆಯ ಗುಟ್ಟು. ನಮ್ಮ ಕಡೆ ಅದನ್ನು ಅತ್ತೆ ಸೊಸೆಗೆ ತೋರಿಸುತ್ತಾಳೆ, ಮನೆಯ ಗಂಡಸರಿಗೂ ಹೇಳುವುದಿಲ್ಲ, ಅವರು ಎಲ್ಲಾದರೂ ಬಾಯಿ ಬಿಟ್ಟಾರೆಂದು. ಮೇಲಾಗಿ ಅದು ಕರ ಕೊಡದೆ ಹೊಲಮನೆ ಜಪ್ತಿಯಾಗುತ್ತಿದ್ದ ಕಾಲ. ಕಾಡಿನೊಳಗೆ ಕಾಲಿಟ್ಟರೆ ಗಾರ್ಡು ದಂಡ ಹಾಕುವ ಕಾಲ. ಸರ್ಕಾರಿ ಟೋಪಿ ಹಾಕಿದವನು ಎದುರು ಕೂತು "ಜಾಗ ಯಾವುದು?" ಎಂದರೆ ಯಾರು ನಿಜ ಹೇಳುತ್ತಾರೆ? ಇದನ್ನು ಸಾಹೇಬರಿಗೆ ಹೇಳೋಣವೆಂದರೆ ನಾನು ಬಾಗಿಲ ಸಂದಿಯ ಪ್ರಾಣಿ. ನಿಮ್ಮ ಅಜ್ಜನಿಗೆ ಹೇಳಿದೆ. ಅವರು ಹೋಗಿ, "ಹೆಂಗಸ್ರಿಗೆ ದಾರಿ ನೆನಪಿರಾದಿಲ್ಲಂತೆ ಸಾಯಬ್ರೆ" ಎಂದು ಹೇಳಿ ಬಂದರು. ಏನು ಮಾಡಲಿ?

ಇನ್ನೊಂದು ತೊಂದರೆ ಬೇರಿನದು. ಹುತ್ತದ ಅಣಬೆಗೆ ಮಣ್ಣಿನೊಳಗೆ ಇಲಿಬಾಲದಂಥ ಉದ್ದನೆ ಬೇರಿರುತ್ತದೆ. ನಮ್ಮ ಹೆಂಗಸರು ಅದನ್ನು ಕೀಳುವುದಿಲ್ಲ. ಕಾಲನ್ನು ನೆಲಮಟ್ಟಕ್ಕೆ ತಿರುಚಿ ಮುರಿದುಕೊಳ್ಳುತ್ತಾರೆ. ಬೇರು ಕಿತ್ತರೆ ಮುಂದಿನ ವರ್ಷ ಆ ಜಾಗದಲ್ಲಿ ಏಳುವುದಿಲ್ಲ ಎಂದು. ಹುತ್ತ ಅಗೆಯುವ ಮಾತಂತೂ ಎತ್ತುವಂತಿಲ್ಲ. ಅದು ನಾಗರ ಮನೆ. ಹೀಗಾಗಿ ಕಚೇರಿಗೆ ಬಂದ ಹುತ್ತದ ಅಣಬೆಗಳೆಲ್ಲ ಮೊಂಡು ಕಾಲಿನವು, ಸುಳ್ಳು ಊರಿನವು.

ಹೀಗಿರುವಾಗ ಒಂದು ವರ್ಷ ಪುಣೆಯಿಂದ ಸಾಹೇಬರ ಮೇಲಿನ ಸಾಹೇಬರು ಬಂದರು. ದಪ್ಪ ಮೀಸೆಯವರು. ಒಣಗಿದ ಅಣಬೆಗಳ ಪೆಟ್ಟಿಗೆಗಳನ್ನು ಕಾಲಿನ ತುದಿಯಿಂದ ಸರಿಸುತ್ತ ನೋಡಿದರು. ಅಡಿಕೆಯ ರೋಗ ಏನಾಯಿತು ಎಂದು ಕೇಳಿದರು. ಸಾಹೇಬರು ಹುತ್ತದ ಅಣಬೆಯ ವಿಷಯ ತೆಗೆದರು. ಗೆದ್ದಲು ಮಣ್ಣಿನೊಳಗೆ ಇದನ್ನು ಸಾಕುತ್ತದೆ, ನಮ್ಮ ಸೀಮೆಯದು ಬೇರೆಡೆಯದಕ್ಕಿಂತ ಬೇರೆ ಜಾತಿ ಇರಬಹುದು ಎಂದು ಉತ್ಸಾಹದಿಂದ ಹೇಳತೊಡಗಿದರು. ಆ ದೊಡ್ಡವರು ಒಂದು ಅಣಬೆ ಎತ್ತಿಕೊಂಡರು.

"ಇದರ ಬುಡ ಎಲ್ಲಿ?"

ಸಾಹೇಬರು ಮೊಂಡು ಕಾಲನ್ನು ತೋರಿಸಿ, ಹೆಂಗಸರು ಮುರಿದು ತರುತ್ತಾರೆ ಎಂದರು.

"ಇದು ಬೆಳೆದ ಜಾಗ ಎಲ್ಲಿ? ನೀವು ಕಣ್ಣಾರೆ ನೋಡಿದ್ದೀರಾ?"

ಹೊರಡುವಾಗ ಅವರು ಹೇಳಿದ್ದು ಇಷ್ಟು. ಈ ಮಳೆಗಾಲ ಮುಗಿಯುವುದರೊಳಗೆ ಗೆದ್ದಲಿನ ಗೂಡಿನಿಂದ ಹಿಡಿದು ಕೊಡೆಯ ತನಕ ಇಡಿಯಾದ ಒಂದೇ ಒಂದು ಅಣಬೆ ತೋರಿಸಬೇಕು. ಇಲ್ಲದಿದ್ದರೆ ಈ ಮನೆಯ ಬಾಡಿಗೆ ಸರ್ಕಾರಕ್ಕೆ ದಂಡ, ಕಚೇರಿ ಮುಚ್ಚುವುದೇ. ಮುಚ್ಚಿದರೆ ನಿಮ್ಮ ಅಜ್ಜನ ಪಟ್ಟಿ ಹೋಗುತ್ತದೆ, ನನ್ನ ಕುಂಚ ಹೋಗುತ್ತದೆ. ನಿಜ ಹೇಳುತ್ತೇನೆ, ಆ ಕೆಲಸವನ್ನು ದಿನಾ ಬೈದುಕೊಂಡೇ ಮಾಡಿದವಳು ನಾನು. ಅದು ಹೋಗುತ್ತದೆ ಎಂದಾಗ ಮಾತ್ರ ಅಂದು ರಾತ್ರಿ ಕುಂಚವನ್ನು ಎರಡು ಸಲ ತೊಳೆದಿಟ್ಟೆ.

ಆರಿದ್ರೆ ಮಳೆ ಹಿಡಿದಿತ್ತು. ನಿಮ್ಮ ಅಜ್ಜನಿಗೆ ಚಳಿಜ್ವರ ಬಂದು ನಾವು ಸಿದ್ದಾಪುರದ ಕಡೆಯ ನಮ್ಮ ಊರಿಗೆ ಬಂದೆವು. ಊರ ಹೆಸರು ಇಲ್ಲಿ ಬರೆಯುವುದಿಲ್ಲ. ಬಂದ ಸಂಜೆಯೇ ಅತ್ತೆ ಹುತ್ತದ ಅಣಬೆಯ ಪಲ್ಯ ಬಡಿಸಿದರು. ಮದುವೆಯಾಗಿ ಅಷ್ಟು ವರ್ಷವಾದರೂ ಅವರ ಜಾಗ ಎಲ್ಲಿ ಎಂದು ನನಗೆ ತೋರಿಸಿರಲಿಲ್ಲ. ಅಣಬೆ ತರುವ ದಿನ ನನ್ನನ್ನು ಏನಾದರೊಂದು ನೆಪ ಮಾಡಿ ಹೊಳೆಯಾಚೆಯ ಮನೆಗೆ ಕಳಿಸುತ್ತಿದ್ದರು. ತುತ್ತು ಕೈಯಲ್ಲೇ ಉಳಿಯಿತು. ಎಲ್ಲ ಹೇಳಿದೆ.

"ಸರ್ಕಾರಕ್ಕೆ ಅಣಬೆ ಎಂತಕೆ?" ಎಂದರು ಅತ್ತೆ. "ತಿಂಬಕಾ?"

"ತಿಂಬಕಲ್ಲ ಅತ್ತೆ, ಓದಕೆ."

"ಓದಕೆ ಅದ್ರಲ್ಲಿ ಎಂತ ಬರ್ದೈತೆ? ಜಾಗ ಹೇಳಿದ್ರೆ ನಾಳೆ ಗಾರ್ಡು ಬತ್ತಾನೆ, ನಾಡಿದ್ದು ಊರೆಲ್ಲ ಬತ್ತದೆ. ಬೇರು ಕಿತ್ರೆ ಬರ ವರ್ಷ ಏಳಾದಿಲ್ಲ. ನನ್ನತ್ತೆ ನಂಗೆ ಕೊಟ್ಟಿದ್ದು, ಅವ್ರತ್ತೆ ಅವ್ರಿಗೆ ಕೊಟ್ಟಿದ್ದು. ನಾ ಸರ್ಕಾರಕ್ಕೆ ಕೊಡ್ಲಾ?"

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ನಾನು ಎದ್ದು ಕೈ ತೊಳೆದೆ. ಒಳಗೆ ನಿಮ್ಮ ಅಜ್ಜ ಕಂಬಳಿ ಹೊದ್ದು ಕೆಮ್ಮುತ್ತಿದ್ದರು. ಅವರಿಗೆ ಜ್ವರ ಬಂದಾಗಲೆಲ್ಲ ಒಂದು ಕೆಮ್ಮು, ಗಂಟಲಲ್ಲಿ ತೆಂಗಿನಕಾಯಿ ಒಡೆದ ಹಾಗೆ. ಅತ್ತೆ ಆ ಕಡೆ ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು, ಮರುದಿನ ಬೆಳಿಗ್ಗೆ ದನಕ್ಕೆ ಹುಲ್ಲು ಹಾಕುತ್ತ ಗೋಡೆಗೆ ಹೇಳುವ ಹಾಗೆ ಹೇಳಿದರು: "ನಿನ್ನ ಸಾಯಬ ಬರ್ಲಿ. ಒಬ್ನೇ ಬರ್ಲಿ. ನಾ ಕರ್ಕಂಡು ಹೋದ ದಾರೀಲೇ ಬರ್ಬೇಕು. ಜಾಗ ಮಾತ್ರ ಬರೀಬಾರ್ದು. ಹಂಗಂತ ಮಾತು ಕೊಡ್ಲಿ, ನೋಡನ."

ಹೇಳಿ ಕಳಿಸಿದ್ದೇ ತಡ, ಸಾಹೇಬರು ಎತ್ತಿನಗಾಡಿ ಮಾಡಿಕೊಂಡು ಬಂದೇಬಿಟ್ಟರು. ಅಂಗಳದಲ್ಲಿ ನಿಂತು, ಅಭ್ಯಾಸದಂತೆ, ಪಟ್ಟೇವಾಲನನ್ನು ಹುಡುಕಿದರು. ಪಟ್ಟೇವಾಲ ಒಳಗೆ ನಡುಗುತ್ತ ಮಲಗಿದ್ದಾನೆ. ಅತ್ತೆಗೆ ಅವರ ಭಾಷೆ ಅರೆಬರೆ. ಉಳಿದವಳು ನಾನೊಬ್ಬಳು. ಅವರ ಚಪ್ಪಲಿಯನ್ನೇ ನೋಡುತ್ತ, ಜೀವನದಲ್ಲಿ ಮೊದಲ ಬಾರಿಗೆ ಅವರೊಡನೆ ನೇರ ಮಾತಾಡಿದೆ. ಮೊದಲ ಮಾತೇ ಇದು:

"ಜಾಗ ಬರೀಬಾರ್ದು ಸಾಯಬ್ರೆ."

"ಏನು?"

"ಚೀಟೀಲಿ ಜಾಗ ಬರೀಬಾರ್ದು. ಮಾತು ಕೊಟ್ರೆ ಕರ್ಕಂಡು ಹೋಗ್ತಾರೆ. ಇಲ್ದಿದ್ರೆ ಇಲ್ಲ."

"ಅಲ್ಲರಿ ಬಾಯಾರ, ಜಾಗ ಇಲ್ಲದ ಅಣಬೀನ ನಾ ಏನು ಮಾಡ್ತೀನಿ ನಿಮಗ ಗೊತ್ತಿಲ್ಲೇನು?"

"ಗೊತ್ತು. ಒಲೆಗೆ ಹಾಕ್ತೀರಿ. ಒಲೆ ಊದಾದು ನಾನೇ."

ಅದು ನನ್ನ ಬಾಯಿಂದ ಹೇಗೆ ಬಂತೋ. ಮಳೆ ಒಂದು ಜಡಿ ಹೊಡೆದು ನಿಂತಿತು. "ಆತು," ಎಂದರು ಸಾಹೇಬರು. "ಬರೆಯೂದಿಲ್ಲ. ಮಾತು." ಅತ್ತೆ ಕೈ ಚಾಚಿದರು. ಸಾಹೇಬರಿಗೆ ಅರ್ಥವಾಗಲಿಲ್ಲ. "ಆ ದಿಕ್ಕು ತೋರ್ಸ ಗಡಿಯಾರ," ಎಂದರು ಅತ್ತೆ. ದಿಕ್ಸೂಚಿಯನ್ನು ಅತ್ತೆ ಅಕ್ಕಿಡಬ್ಬದಲ್ಲಿ ಹಾಕಿ ಮುಚ್ಚಿದ ಮೇಲೆಯೇ ಹೊರಟದ್ದು.

ಆ ಮೇಲಿನ ನಡಿಗೆ ನೆನೆದರೆ ಈಗಲೂ ನನ್ನ ಕಾಲು ನೋಯುತ್ತದೆ. ಗದ್ದೆಯ ಅಂಚು, ಹಳ್ಳ, ಬೆಟ್ಟ, ಮತ್ತೆ ಹಳ್ಳ. ಅತ್ತೆ ಕಂಬಳಿಕೊಪ್ಪೆ ಹಾಕಿಕೊಂಡು ಮುಂದೆ, ಗುದ್ದಲಿ ಹೊತ್ತು ನಾನು ಹಿಂದೆ, ನಡುವೆ ಉಂಬಳ ಕೀಳುತ್ತ ಸಾಹೇಬರು. ಸಿಡಿಲು ಬಡಿದು ಸೀಳಿದ ಒಂದು ಹಲಸಿನಮರ ದಾಟಿದೆವು. ಬಹಳ ಹೊತ್ತಿನ ಮೇಲೆ ಮತ್ತೆ ಅದೇ ಮರ ಬಂತು. ಇನ್ನೂ ಬಹಳ ಹೊತ್ತಿನ ಮೇಲೆ ಮತ್ತೂ ಬಂತು.

"ಬಾಯಾರ," ಎಂದರು ಸಾಹೇಬರು ಮೆಲ್ಲಗೆ, "ಈ ಹಲಸಿನ ಗಿಡದ ದರ್ಶನ ಮತ್ತ ಆತಲ್ಲ."

ಅತ್ತೆ ತಿರುಗಿ ನೋಡದೆ, "ನಮ್ಮ ಕಡೆ ಹಲಸು ಎಲ್ಲ ಒಂದೇ ನಮೂನೆ ಅನ್ನು," ಎಂದರು. ನಾನು ಅಂದೆ. ಸಾಹೇಬರು ಮರದ ಸೀಳನ್ನು ನೋಡಿ ತಲೆಯಾಡಿಸಿ ನಡೆದರು.

ಕೊನೆಗೆ ಒಂದು ಮುಳ್ಳುಬೇಲಿಯಲ್ಲಿ ಬಗ್ಗಿ ನುಸುಳಿ ಒಳಗೆ ಬಂದೆವು. ಗಿಡಗಂಟಿಯ ನಡುವೆ ಸಣ್ಣ ಬಯಲು. ಹುತ್ತ ಎಲ್ಲೂ ಇಲ್ಲ, ಬರೀ ಸಪಾಟು ನೆಲ. ಅದರ ತುಂಬ ಬೂದುಬಣ್ಣದ ಕೊಡೆಗಳು, ಆಗಷ್ಟೇ ಎದ್ದವು, ಮಣ್ಣು ತಲೆಯ ಮೇಲಿನ್ನೂ ಇತ್ತು. ಸಾಹೇಬರು ಟೋಪಿ ತೆಗೆದರು. ಮೇಲೆ ಹುತ್ತವಿಲ್ಲ, ಗೂಡು ನೆಲದೊಳಗೇ ಇದೆ, ಅಗೆದರೆ ನಾಗರಿಗೆ ಅಪಚಾರವೂ ಇಲ್ಲ. ಅತ್ತೆ ಅದನ್ನೆಲ್ಲ ಯೋಚಿಸಿಯೇ ಕರೆತಂದಿದ್ದರು. ಅಂಚಿನಲ್ಲಿದ್ದ ಒಂದನ್ನು ತೋರಿಸಿ, "ಇದೊಂದೇ," ಎಂದರು.

ಮೊದಲು ಗುದ್ದಲಿ, ಆಮೇಲೆ ಬಿದಿರಿನ ಚಕ್ಕೆ, ಆಮೇಲೆ ಬರೀ ಬೆರಳು. ಬೇರು ಕೆಳಗೆ ಹೋದಂತೆ ಸಪೂರವಾಗುತ್ತ ಹೋಯಿತು. ಸಾಹೇಬರು ಕೆಸರಿನಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ಕೈಯಿಳಿಸಿದರು. ಕಟಕ್ಕೆಂದು ಒಂದು ಸದ್ದು. ಬೇರು ತುಂಡಾಗಿತ್ತು. ಅವರು ಮುಖ ಎತ್ತಲಿಲ್ಲ. ಕಚೇರಿ ಮುಚ್ಚಿತು ಎಂದುಕೊಂಡೆ ನಾನು.

ಅತ್ತೆ ತುಂಡಾದ ಬೇರನ್ನು ಎತ್ತಿ ನೋಡಿದರು. "ಆ ದಪ್ಪ ಕೈಗೆ ಆಗಾದಲ್ಲ ಅದು," ಎಂದರು. "ಹೆಣ್ಣೇ, ನೀ ಇಳಿ." ಪಕ್ಕದ ಇನ್ನೊಂದನ್ನು ತೋರಿಸಿದರು.

ಚಿತ್ತಾರದ ಗೆರೆಯನ್ನು ಉಸಿರು ಹಿಡಿದು ಎಳೆಯಬೇಕು ಎಂದು ನನಗೆ ಕಲಿಸಿದ್ದರು. ಹಾಗೇ ಉಸಿರು ಹಿಡಿದು ಬೆರಳಿನಿಂದ ಮಣ್ಣು ಬಿಡಿಸುತ್ತ ಹೋದೆ. ತೋಳು ಪೂರ್ತಿ ಒಳಗೆ ಹೋದಾಗ ಬೆರಳ ತುದಿಗೆ ಏನೋ ಮೆತ್ತಗೆ, ಬೆಚ್ಚಗೆ ತಾಗಿತು. ಸಾಹೇಬರು ಸುತ್ತಲ ಮಣ್ಣು ತೆಗೆದರು. ಗುಂಡಿಯ ತಳದಲ್ಲಿ ಒಣ ರೊಟ್ಟಿಯಂತೆ ತೂತುತೂತಾದ ಕಂದು ಗೂಡು, ಅದರ ಮೇಲೆ ಸಾಸಿವೆಯಷ್ಟು ಬಿಳಿ ಕಾಳುಗಳು, ಓಡಾಡುವ ಗೆದ್ದಲು. ಅಲ್ಲಿಂದಲೇ ನಮ್ಮ ಅಣಬೆ ಎದ್ದಿತ್ತು, ಇಡಿಯಾಗಿ.

ಅತ್ತೆ ಬಗ್ಗಿ ನೋಡಿದರು. ಅಷ್ಟು ವರ್ಷ ಅವರು ಅದನ್ನು ಗುಡುಗಿಗೆ ಹುಟ್ಟುವುದೆಂದು ನಂಬಿದ್ದರು. ಗೆದ್ದಲು ತರಗೆಲೆ ಜಗಿದು ತಂದು ಹಾಸಿ ಇದನ್ನು ಬಿತ್ತಿ ಬೆಳೆದು ತಿನ್ನುತ್ತದೆ ಎಂದು ಸಾಹೇಬರು ಹೇಳಿದರು, ನಾನು ಅತ್ತೆಗೆ ನಮ್ಮ ಮಾತಿನಲ್ಲಿ ಹೇಳಿದೆ. "ಹಂಗಾರೆ ಇದು ಅವ್ರ ಗದ್ದೆ," ಎಂದರು ಅತ್ತೆ. "ನಾವು ಕದ್ದು ತಿಂಬದು." ಗುಂಡಿಗೆ ಮಣ್ಣು ಮುಚ್ಚಲು ಅವರೇ ಮೊದಲು ಕೈಹಾಕಿದರು.

ಆಗಲೇ ಆದದ್ದು. ನಾವು ಮೂವರೂ ಮಣ್ಣಿನ ಮೇಲೆ ಬಗ್ಗಿದ್ದಾಗ, ಗಿಡಗಂಟಿಯ ಆಚೆಯಿಂದ, ಅತೀ ಹತ್ತಿರದಿಂದ ಒಂದು ಕೆಮ್ಮು ಕೇಳಿತು. ಗಂಟಲಲ್ಲಿ ತೆಂಗಿನಕಾಯಿ ಒಡೆದ ಹಾಗೆ. ಮತ್ತೆ ಒಂದು.

ನನಗೆ ಕೋಪ ನೆತ್ತಿಗೇರಿತು. ಬೆಳಗಿನಿಂದ ಬೆಟ್ಟ ಹತ್ತಿಳಿಸಿ ಅತ್ತೆ ನಮ್ಮನ್ನು ತಂದು ನಿಲ್ಲಿಸಿದ್ದು ನಮ್ಮ ಕೊಟ್ಟಿಗೆಯ ಹಿಂದೆ! "ಅಲ್ಲಿ ನಾಗರ ಐತೆ, ಕಾಲಿಡಬ್ಯಾಡಿ" ಎಂದು ಮನೆಯವರನ್ನೆಲ್ಲ ಅವರು ಹೆದರಿಸಿ ಇಟ್ಟಿದ್ದ ಮೂಲೆ ಅದು. ಅಷ್ಟು ವರ್ಷ ಸಗಣಿ ಬುಟ್ಟಿ ಹೊತ್ತು ದಿನಾ ಅದರ ಪಕ್ಕದಲ್ಲೇ ಓಡಾಡಿದವಳು ನಾನು, ಹಾವಿನ ಭಯಕ್ಕೆ ಆ ಕಡೆ ತಿರುಗಿಯೂ ನೋಡಿರಲಿಲ್ಲ. ಅತ್ತೆ ನನ್ನ ಮುಖ ನೋಡಲಿಲ್ಲ, ಮಣ್ಣು ತಟ್ಟುತ್ತಲೇ ಇದ್ದರು. ಸಾಹೇಬರ ಕಡೆ ನೋಡಿದೆ. ತಮ್ಮ ಪಟ್ಟೇವಾಲನ ಕೆಮ್ಮು ಅವರಿಗೆ ತಿಳಿಯದೇ ಇರುತ್ತದೆಯೇ, ವರ್ಷಗಟ್ಟಲೆ ಕೇಳಿದ್ದು. ಅವರು ಟೋಪಿಯ ಮಣ್ಣು ಝಾಡಿಸಿ, ಗಂಭೀರವಾಗಿ, "ಭಾಳ ದೂರ ಬಂದೇವಿ. ಹೊತ್ತಾತು, ತಿರುಗಿ ಹೋಗೂಣ," ಎಂದರು. ಬಂದ ದಾರಿಯಲ್ಲೇ, ಹಲಸಿನಮರ ಸುತ್ತಿಕೊಂಡೇ, ಮೂವರೂ ಮನೆಗೆ ಹೋದೆವು.

ಆ ಅಣಬೆಯ ಚಿತ್ರ ನಾನೇ ಬರೆದೆ, ಬೇರು, ಗೂಡು, ಕಾಳು ಎಲ್ಲ ಸೇರಿ. ಸುತ್ತ ಅಂಚು ಕಟ್ಟಲಿಲ್ಲ. ಚೀಟಿಯಲ್ಲಿ ಸಾಹೇಬರು ಸಿದ್ದಾಪುರ ತಾಲೂಕು ಎಂದಷ್ಟೇ ಬರೆದು ಲೇಖನಿ ಎತ್ತಿದರು. ಪುಣೆಯ ದೊಡ್ಡವರು ಮತ್ತೆ ಬಂದಾಗ ನಾನು ಬಾಗಿಲ ಸಂದಿಯಲ್ಲೇ ಇದ್ದೆ. ಬೇರನ್ನು ಬೆರಳಿನಿಂದ ಅಳೆದು ನೋಡಿ ಅವರು ತಲೆದೂಗಿದರು. ಆಮೇಲೆ ಚೀಟಿ ನೋಡಿದರು. "ಜಾಗ?" ಎಂದರು. "ಕಣ್ಣಾರೆ ನೋಡೀನಿ," ಎಂದರು ನಮ್ಮ ಸಾಹೇಬರು. "ಬರೆಯೂದಿಲ್ಲ ಅಂತ ಮಾತು ಕೊಟ್ಟೀನಿ." ದೊಡ್ಡವರು ಮೀಸೆಯೊಳಗೇ ಏನೋ ಗೊಣಗಿದರು. ಕಚೇರಿ ಮುಚ್ಚಲಿಲ್ಲ. ಜ್ವರ ಬಿಟ್ಟು ಬಂದ ಪಟ್ಟೇವಾಲನಿಗೆ ಸಾಹೇಬರು ಆ ಜಾಗದ ಬಗ್ಗೆ ಎಂದೂ ಏನೂ ಹೇಳಲಿಲ್ಲ. ಅವನು ಕೆಮ್ಮಿದಾಗ ಮಾತ್ರ ನನ್ನ ಕಡೆ ಒಮ್ಮೆ ನೋಡುತ್ತಿದ್ದರು. ನಾನು ಅಣಬೆ ನೋಡುತ್ತಿದ್ದೆ.

ಮುಂದಿನ ವರ್ಷ ಆ ಜಾಗದಲ್ಲಿ ಒಂದೂ ಏಳಲಿಲ್ಲ. ಅತ್ತೆ ಆ ಮಳೆಗಾಲವೆಲ್ಲ ನನ್ನೊಡನೆ ಎಷ್ಟು ಬೇಕೋ ಅಷ್ಟೇ ಮಾತಾಡಿದರು. ಅದರ ಮುಂದಿನ ವರ್ಷ ಗುಂಡಿಗಿಂತ ಒಂದಷ್ಟು ಈಚೆಗೆ ಎದ್ದವು. ಅಂದು ಅತ್ತೆ ನನ್ನನ್ನು ಹೊಳೆಯಾಚೆ ಕಳಿಸಲಿಲ್ಲ. ಬುಟ್ಟಿ ಕೈಗೆ ಕೊಟ್ಟರು.

ಆ ಮೇಲೆ ಕಚೇರಿಯ ಹೆಸರು ಬದಲಾಯಿತು, ಸಾಹೇಬರುಗಳು ಬದಲಾದರು. ಕ್ಯಾಮೆರಾ ಬಂತು, ಗಾಜಿನ ಭರಣಿ ಬಂತು. ನನ್ನ ಕಣ್ಣು ಮಂಜಾಗುವವರೆಗೂ ಬರೆಯುತ್ತಲೇ ಇದ್ದೆ. ಜನ "ತಿನ್ನಲು ಬರುತ್ತದಾ?" ಎಂದು ಕೇಳುತ್ತಲೇ ಇದ್ದರು. ನಿನ್ನನ್ನೂ ಕೇಳುತ್ತಾರೆ, ಹಲ್ಲು ಕಚ್ಚಿಕೊಂಡು ಉತ್ತರ ಹೇಳು.

ಸೊಸೆಯಾದ ನಿನ್ನ ಅಮ್ಮನಿಗೆ ಜಾಗ ತೋರಿಸಬೇಕಿತ್ತು, ಪದ್ಧತಿಯಂತೆ. ಅವಳಿಗೆ ಅಣಬೆ ತಿಂದರೆ ಮೈಯೆಲ್ಲ ತುರಿಸುತ್ತದೆ, ನನ್ನ ಹಣೆಬರಹ. ಅದಕ್ಕೇ ಆರಿದ್ರೆ ಮಳೆಗೆ ನೀನು ಬಾ. ಚೀಟಿ ಪುಸ್ತಕ ತರಬೇಡ. ಬೇಲಿಯಾಚೆ ಕೆಮ್ಮಿ ಗುರುತು ಹೇಳಲು ಈಗ ನಿನ್ನ ಅಜ್ಜ ಇಲ್ಲ, ಆದರೂ ನಿನಗೆ ಜಾಗ ಸಿಗುತ್ತದೆ. ನೀವು ಮಕ್ಕಳು ಚೆಂಡು ಆ ಕಡೆ ಹೋದರೂ ತರಲು ಬಿಡದೆ ನಾನು ಕೂಗುತ್ತಿದ್ದೆನಲ್ಲ, ಅಲ್ಲಿ ನಾಗರ ಇದೆ ಎಂದು. ಅಲ್ಲಿ ಯಾವ ನಾಗರವೂ ಇಲ್ಲ.